ವಿಟಮಿನ್ ಡಿ ಮತ್ತು ಎಂಎಸ್: ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಡಬೇಡಿ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಚಿಕಿತ್ಸೆಯ ಮಾರ್ಗಸೂಚಿ ಬರೆಯುವವರಿಗೆ, ವಿಟಮಿನ್ ಪರೀಕ್ಷೆ ನಡೆಸುವ ಪ್ರಯೋಗಾಲಯಗಳ ಹೊಣೆ ಹೊತ್ತವರಿಗೆ, ಮಾತ್ರೆಗಳ ಲೇಬಲ್‌ಗೆ ಒಪ್ಪಿಗೆ ನೀಡುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತನಗೆ ಎಂಎಸ್ ಇದೆ ಎಂದು ಈಗಷ್ಟೇ ತಿಳಿದವರು ಬೇಗನೆ ಕೇಳುವ ಪ್ರಶ್ನೆಗಳಲ್ಲಿ ವಿಟಮಿನ್ ಡಿ ಕುರಿತದ್ದೂ ಒಂದು. ಅವರಿಗೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. "ಡಿ ಕಡಿಮೆಯಾಗಿದ್ದಕ್ಕೇ ಈ ಕಾಯಿಲೆ ಬಂತು, ಹೆಚ್ಚಿಸಿಕೊಂಡರೆ ಹೋಗುತ್ತದೆ" ಎನ್ನುವವರು ಒಂದು ಕಡೆ. "ಪ್ರಯೋಗಗಳೆಲ್ಲ ಸೋತಿವೆ, ಅದರ ಗೊಡವೆಯೇ ಬೇಡ" ಎನ್ನುವವರು ಇನ್ನೊಂದು ಕಡೆ. ಮೊದಲನೆಯದನ್ನು ನಂಬಿದವರು ರೋಗದ ಓಟ ತಡೆಯುವ ಔಷಧವನ್ನೇ ಬಿಟ್ಟು ಡಿ ಒಂದನ್ನೇ ನೆಚ್ಚಿಕೊಳ್ಳುವ ಅಪಾಯವಿದೆ. ಎರಡನೆಯದನ್ನು ನಂಬಿದವರು ಮೂಳೆ ಸವೆಯುತ್ತಿದ್ದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದಿಲ್ಲ.

ಈ ಗೊಂದಲದ ಬೇರು ಒಂದೇ. ವಿಟಮಿನ್ ಡಿ ಕಡಿಮೆ ಇದ್ದರೆ ಎಂಎಸ್ ಬರುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬುದು ಒಂದು ಪ್ರಶ್ನೆ. ಬಂದ ಎಂಎಸ್ ಅನ್ನು ವಿಟಮಿನ್ ಡಿ ತಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಇರುವ ಸಾಕ್ಷ್ಯ ಗಟ್ಟಿಯಾಗಿದೆ. ಎರಡನೆಯದಕ್ಕೆ ಇರುವುದು ದುರ್ಬಲ, ಮಿಶ್ರ ಸಾಕ್ಷ್ಯ. ನಿಮ್ಮ ಮಾರ್ಗಸೂಚಿಯಲ್ಲಿ, ವರದಿಯಲ್ಲಿ, ಲೇಬಲ್ಲಿನಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ ಎಂದು ಕೇಳಲೆಂದೇ ಈ ಪತ್ರ.

ಎಂಎಸ್‌ನಲ್ಲಿ ದೇಹದ ರಕ್ಷಣಾ ಕೋಶಗಳು ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯ ಮೇಲೆ ತಿರುಗಿಬೀಳುತ್ತವೆ. ಹೊದಿಕೆ ಹರಿದ ಕಡೆ ಸಂಕೇತ ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ: ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ಮೂತ್ರ ತಡೆಯಲಾಗುವುದಿಲ್ಲ, ಕಾರಣವಿಲ್ಲದೆ ಮೈ ಕುಸಿಯುವಷ್ಟು ದಣಿವು. ಭೂಮಧ್ಯರೇಖೆಯಿಂದ ದೂರ ಹೋದಂತೆ ಈ ಕಾಯಿಲೆ ಹೆಚ್ಚುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಬಿಸಿಲು ಕಡಿಮೆಯಾದಂತೆ ಎಂಎಸ್ ಹೆಚ್ಚು ಎಂಬ ಈ ನಕ್ಷೆಯಿಂದಲೇ ವಿಟಮಿನ್ ಡಿ ಮೇಲೆ ಸಂಶಯ ಹುಟ್ಟಿತು. ಆದರೆ ನಕ್ಷೆ ಸಾಕ್ಷ್ಯವಾಗುವುದಿಲ್ಲ. ಅಕ್ಷಾಂಶ ಬದಲಾದರೆ ಬಿಸಿಲಿನ ಜೊತೆ ವಂಶವಾಹಿ, ಸೋಂಕು, ಆಹಾರ ಎಲ್ಲವೂ ಬದಲಾಗುತ್ತವೆ.

ಸಾಕ್ಷ್ಯ ಬಂದದ್ದು ಕಾಯಿಲೆ ಬರುವುದಕ್ಕೆ ಮೊದಲೇ ತೆಗೆದಿಟ್ಟ ರಕ್ತದಿಂದ. ಅಮೆರಿಕದ ಸೈನಿಕರ ಸಂಗ್ರಹಿತ ರಕ್ತದ ಮಾದರಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಎಂಎಸ್ ಬಂದ 257 ಜನರನ್ನು ಬಾರದವರ ಜೊತೆ ಹೋಲಿಸಲಾಯಿತು. ಬಿಳಿಯರಲ್ಲಿ, ರಕ್ತದ ಡಿ ಮಟ್ಟ ಲೀಟರಿಗೆ 50 ನ್ಯಾನೋಮೋಲ್ ಹೆಚ್ಚಿದಂತೆ ಎಂಎಸ್ ಅಪಾಯ ಸುಮಾರು 41% ಕಡಿಮೆ ಕಂಡಿತು. ಕಪ್ಪು ವರ್ಣದವರು ಮತ್ತು ಹಿಸ್ಪಾನಿಕ್ ಮೂಲದವರಲ್ಲಿ ಈ ನಂಟು ಕಾಣಲಿಲ್ಲ. ಹೀಗಾಗಿ ಈ ಅಂಕಿಯನ್ನು ಎಲ್ಲ ಜನರಿಗೂ ಹಾಗೇ ಅನ್ವಯಿಸಿ ಬರೆಯುವಂತಿಲ್ಲ. 2017ರಲ್ಲಿ ಫಿನ್ಲೆಂಡಿನ ಗರ್ಭಿಣಿಯರ ರಕ್ತಸಂಗ್ರಹದಿಂದ, ಮುಂದೆ ಎಂಎಸ್ ಬಂದ ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾದರಿಗಳನ್ನು ನೋಡಲಾಯಿತು. 30 ನ್ಯಾನೋಮೋಲ್‌ಗಿಂತ ಕಡಿಮೆ ಇದ್ದವರಲ್ಲಿ, 50 ಅಥವಾ ಅದಕ್ಕೂ ಹೆಚ್ಚು ಇದ್ದವರಿಗಿಂತ, ಅಪಾಯ 43% ಹೆಚ್ಚಿತ್ತು.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಕಾಯಿಲೆ ಬಂದ ಮೇಲೆ ಜನ ಬಿಸಿಲಿಗೆ ಹೋಗುವುದು ಕಡಿಮೆ. ಮೈ ಬಿಸಿಯಾದರೆ ಲಕ್ಷಣ ಹೆಚ್ಚುವುದು ಎಂಎಸ್‌ನ ಸ್ವಭಾವವೇ. ಉರಿಯೂತ ಇದ್ದಾಗಲೂ ರಕ್ತದ ಡಿ ಮಟ್ಟ ಇಳಿಯುತ್ತದೆ. ಹಾಗಾದರೆ ಕಡಿಮೆ ಡಿ ಕಾರಣವೋ, ರೋಗ ಮೊದಲೇ ಬೀರಿದ ನೆರಳೋ? ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದ್ದು ವಂಶವಾಹಿ ಅಧ್ಯಯನಗಳು. ಹುಟ್ಟಿನಿಂದಲೇ ಡಿ ಮಟ್ಟವನ್ನು ತುಸು ಕಡಿಮೆ ಇಡುವ ವಂಶವಾಹಿ ಬದಲಾವಣೆಗಳು ಕೆಲವರಲ್ಲಿ ಇರುತ್ತವೆ. ಅವು ಬಿಸಿಲಿಗೆ ಹೋಗುವ ಅಭ್ಯಾಸದಿಂದಲೋ ಮುಂದೆ ಬರುವ ಕಾಯಿಲೆಯಿಂದಲೋ ಬದಲಾಗುವುದಿಲ್ಲ. 2015ರ ಅಧ್ಯಯನದಲ್ಲಿ ಅಂಥವರಿಗೆ ಎಂಎಸ್ ಅಪಾಯ ಹೆಚ್ಚೆಂದು ಕಂಡಿತು. ನಂತರದವೂ ಅದನ್ನೇ ಹೇಳಿದವು. ಡಿಯನ್ನು ಸಕ್ರಿಯ ರೂಪಕ್ಕೆ ತರುವ ಕಿಣ್ವದ ವಂಶವಾಹಿ ಸಿವೈಪಿ27ಬಿ1, ಅದನ್ನು ಒಡೆಯುವ ಕಿಣ್ವದ ವಂಶವಾಹಿ ಸಿವೈಪಿ24ಎ1. ಈ ಎರಡರ ನೆಲೆಗಳೂ ಎಂಎಸ್ ಅಪಾಯದ ವಂಶವಾಹಿ ಪಟ್ಟಿಯಲ್ಲಿ ಬರುತ್ತವೆ ಎಂಬುದು ಕಾಕತಾಳೀಯವೆಂದು ನಮಗೆ ಅನಿಸುವುದಿಲ್ಲ.

ಕಾರಣಗಳಲ್ಲಿ ಒಂದು ಎಂದರೆ ಏಕೈಕ ಕಾರಣ ಎಂದಲ್ಲ. 2022ರಲ್ಲಿ ಒಂದು ಕೋಟಿಗೂ ಹೆಚ್ಚು ಅಮೆರಿಕದ ಸೈನಿಕರ ದಾಖಲೆಗಳಿಂದ ಬಂದ ಅಧ್ಯಯನವು, ಎಪ್ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಎಂಎಸ್ ಅಪಾಯ 32 ಪಟ್ಟು ಏರುತ್ತದೆ ಎಂದು ತೋರಿಸಿತು. ಅದರ ಮುಂದೆ ವಿಟಮಿನ್ ಡಿ ಪ್ರಭಾವ ಸಣ್ಣದು. ಹದಿಹರೆಯದ ಬೊಜ್ಜು, ಧೂಮಪಾನ, ರಕ್ಷಣಾ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ವಂಶವಾಹಿಗಳು ಸಹ ಲೆಕ್ಕಕ್ಕಿವೆ. ಬಿಸಿಲಿಗೆ ಡಿ ತಯಾರಿಸುವುದನ್ನು ಮೀರಿದ, ಚರ್ಮದ ಮೂಲಕ ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಗುಣವೂ ಇದ್ದಂತೆ ತೋರುತ್ತದೆ. ಟಾಸ್ಮೇನಿಯಾದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 6ರಿಂದ 15ರ ವಯಸ್ಸಿನಲ್ಲಿ ಹೆಚ್ಚು ಬಿಸಿಲು ಕಂಡವರಿಗೆ ಎಂಎಸ್ ಕಡಿಮೆ ಬಂದಿತ್ತು. ಆ ಲಾಭದಲ್ಲಿ ಮಾತ್ರೆಯಿಂದ ಸಿಗುವುದೆಷ್ಟು, ಬಿಸಿಲಿನಿಂದಲೇ ಸಿಗಬೇಕಾದದ್ದೆಷ್ಟು ಎಂದು ಯಾರೂ ಇನ್ನೂ ಕತ್ತರಿಸಿ ತೋರಿಸಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಆಶೆ ಹುಟ್ಟಿಸಿದ ಅಂಕಿಗಳು 2014ರವು: ಮೊದಲ ದಾಳಿ ಆಗಿ ಇಂಟರ್‌ಫೆರಾನ್ ಎಂಬ ಎಂಎಸ್ ಔಷಧದ ಪ್ರಯೋಗದಲ್ಲಿದ್ದ 465 ರೋಗಿಗಳಲ್ಲಿ, ಡಿ ಮಟ್ಟ 50 ನ್ಯಾನೋಮೋಲ್ ಹೆಚ್ಚಿದ್ದವರಿಗೆ ಮುಂದಿನ ವರ್ಷಗಳಲ್ಲಿ ಎಂಆರ್‌ಐನಲ್ಲಿ ಹೊಸ ಸಕ್ರಿಯ ಗಾಯಗಳು 57% ಕಡಿಮೆ ಇದ್ದವು. ಆದರೆ ಅಲ್ಲಿ ಯಾರಿಗೂ ಚೀಟಿ ಎತ್ತಿ ಡಿ ಕೊಟ್ಟಿರಲಿಲ್ಲ. ಇದ್ದ ಮಟ್ಟವನ್ನು ಅಳೆದು ನೋಡಿದ್ದಷ್ಟೇ. ಚೀಟಿ ಎತ್ತಿ ಕೊಟ್ಟಾಗ ಏನಾಯಿತು? ಸೋಲಾರ್ ಪ್ರಯೋಗದಲ್ಲಿ 229 ರೋಗಿಗಳು ಇಂಟರ್‌ಫೆರಾನ್ ಜೊತೆ ದಿನಕ್ಕೆ 14,007 ಐಯು (ಅಂತರರಾಷ್ಟ್ರೀಯ ಏಕಮಾನ) ಡಿ ಅಥವಾ ಖಾಲಿ ಮಾತ್ರೆಯನ್ನು 48 ವಾರ ತೆಗೆದುಕೊಂಡರು. ಮುಖ್ಯ ಗುರಿ ಈಡೇರಲಿಲ್ಲ. ಎಂಆರ್‌ಐನಲ್ಲಿ ಮಾತ್ರ ಸ್ವಲ್ಪ ಸುಧಾರಣೆ. 2023ರಲ್ಲಿ ಬಂದ ವಿಡಾಮ್ಸ್ ಪ್ರಯೋಗ ಗ್ಲಾಟಿರಾಮರ್ ಎಂಬ ಎಂಎಸ್ ಔಷಧ ಪಡೆಯುತ್ತಿದ್ದವರಲ್ಲಿ ದಿನಕ್ಕೆ 5,000 ಐಯು ಮತ್ತು 600 ಐಯು ಹೋಲಿಸಿತು. ಮರುಕಳಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಪ್ರೆವಾನ್ಝ್ ಪ್ರಯೋಗ ಮೊದಲ ದಾಳಿ ಆದವರಿಗೆ ದಿನಕ್ಕೆ 1,000, 5,000 ಮತ್ತು 10,000 ಐಯು ಕೊಟ್ಟು ನೋಡಿತು. ಯಾವ ಪ್ರಮಾಣವೂ ಖಾಲಿ ಮಾತ್ರೆಯನ್ನು ಮೀರಲಿಲ್ಲ.

ಇಲ್ಲಿಗೆ ಬಾಗಿಲು ಮುಚ್ಚಿತು ಎನ್ನುವಾಗಲೇ 2025ರಲ್ಲಿ ಫ್ರಾನ್ಸಿನ ಡಿ-ಲೇ ಎಂಎಸ್ ಪ್ರಯೋಗದ ಫಲಿತಾಂಶ ಬಂತು. ಮೊದಲ ದಾಳಿಯಾಗಿ 90 ದಿನ ಮೀರದ, ಬೇರೆ ಯಾವ ಎಂಎಸ್ ಔಷಧವನ್ನೂ ಆರಂಭಿಸದ 303 ಜನರ ಫಲಿತಾಂಶ ಅದರಲ್ಲಿತ್ತು. ಎರಡು ವಾರಕ್ಕೊಮ್ಮೆ ಒಂದು ಲಕ್ಷ ಐಯು, ಎರಡು ವರ್ಷ. ರೋಗದ ಚಟುವಟಿಕೆ (ಮರುಕಳಿಕೆ ಅಥವಾ ಎಂಆರ್‌ಐನಲ್ಲಿ ಸಕ್ರಿಯ ಗಾಯ) ಡಿ ಪಡೆದವರಲ್ಲಿ 60.3%, ಪಡೆಯದವರಲ್ಲಿ 74.1%. ಲಾಭದ ಬಹುಪಾಲು ಎಂಆರ್‌ಐ ಚಿತ್ರದಲ್ಲಿ ಕಂಡಿತು. ರೋಗಿಗೆ ಅನುಭವಕ್ಕೆ ಬರುವ ಮರುಕಳಿಕೆ 17.9% ಮತ್ತು 21.8%, ಅಂಕಿಶಾಸ್ತ್ರದ ದೃಷ್ಟಿಯಿಂದ ಅದನ್ನು ನಿಜವಾದ ವ್ಯತ್ಯಾಸ ಎನ್ನಲಾಗದು.

ಈ ಫಲಿತಾಂಶವನ್ನು ಓದುವ ರೀತಿಯ ಬಗ್ಗೆ ನಮಗೆ ಕಾಳಜಿಯಿದೆ. "ಕೊನೆಗೂ ಡಿ ಗೆದ್ದಿತು" ಎಂಬ ತಲೆಬರಹ ಓದಿ ಔಷಧ ನಿಲ್ಲಿಸುವುದು ತಪ್ಪು. ಎರಡು ವರ್ಷದಲ್ಲಿ ಹತ್ತರಲ್ಲಿ ಆರು ಜನರಿಗೆ ಡಿ ಪಡೆದರೂ ಹೊಸ ಚಟುವಟಿಕೆ ಕಂಡಿತು. ಬಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಗುರಿಯಾಗಿಸುವ ಇಂದಿನ ಪ್ರಬಲ ಔಷಧಗಳ ಪಕ್ಕ ನಿಲ್ಲಿಸುವ ಫಲಿತಾಂಶ ಇದಲ್ಲ. ಈ ಪ್ರಯೋಗದವರ ಆರಂಭದ ಡಿ ಮಟ್ಟ 100 ನ್ಯಾನೋಮೋಲ್‌ಗಿಂತ ಕೆಳಗಿತ್ತು, ಬೇರೆ ಔಷಧ ಇರಲಿಲ್ಲ, ರೋಗ ಈಗಷ್ಟೇ ಶುರುವಾಗಿತ್ತು. ಬೇರೆ ಕೆಲವು ಪ್ರಯೋಗಗಳಲ್ಲಿ ಜನ ಆಗಲೇ ಔಷಧದ ಮೇಲಿದ್ದರು, ಇಲ್ಲವೇ ಹೋಲಿಕೆಯ ಗುಂಪಿಗೂ ಸ್ವಲ್ಪ ಡಿ ಸಿಗುತ್ತಿತ್ತು. ಖಾಲಿ ಕೊಡಕ್ಕೆ ನೀರು ಹಾಕಿದರೆ ಮಟ್ಟ ಏರುವುದು ಕಾಣುತ್ತದೆ. ತುಂಬಿದ ಕೊಡಕ್ಕೆ ಹಾಕಿದರೆ ಚೆಲ್ಲುವುದು ಕಾಣುತ್ತದೆ. ಆದ್ದರಿಂದ ನಮ್ಮ ತೀರ್ಮಾನ ಇಷ್ಟು: ಕೊರತೆ ಇದ್ದರೆ ತುಂಬಿಸಿ, ತಡಮಾಡದೆ. ತುಂಬಿದ ಮೇಲೆ ಹೆಚ್ಚು ಸುರಿದರೆ ಎಂಎಸ್‌ಗೆ ಹೆಚ್ಚು ಲಾಭ ಎಂಬುದಕ್ಕೆ ಆಧಾರವಿಲ್ಲ. ಎಂಎಸ್ ಔಷಧದ ಜಾಗದಲ್ಲಿ ಡಿಯನ್ನು ಕೂರಿಸಬೇಡಿ.

ತುಂಬಿಸಲು ಮೊದಲು ಅಳೆಯಬೇಕು. ಪ್ರಯೋಗಾಲಯದವರೇ, ತಪ್ಪುಗಳು ಹೆಚ್ಚು ನಡೆಯುವುದು ಇಲ್ಲಿ.

ಮೊದಲನೆಯದು ತಪ್ಪು ಪರೀಕ್ಷೆ. ಚರ್ಮದಲ್ಲಿ ತಯಾರಾದ ಅಥವಾ ನುಂಗಿದ ಡಿ ಯಕೃತ್ತಿನಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ದೇಹದ ದಾಸ್ತಾನು ಹೇಳುವುದು ಇದೇ. ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಅದು ಮೂತ್ರಪಿಂಡದಲ್ಲಿ 1,25-ಡೈಹೈಡ್ರಾಕ್ಸಿ ಆಗಿ ಸಕ್ರಿಯವಾಗುತ್ತದೆ. ಈ ಸಕ್ರಿಯ ರೂಪ ಕೆಲವೇ ಗಂಟೆ ಉಳಿಯುತ್ತದೆ. ದಾಸ್ತಾನು ಬರಿದಾದಾಗಲೂ ಪ್ಯಾರಾಥೈರಾಯ್ಡ್ ಹಾರ್ಮೋನು ಅದನ್ನು ತಳ್ಳಿ ತಳ್ಳಿ ಸಾಮಾನ್ಯ ಮಟ್ಟದಲ್ಲಿ, ಕೆಲವೊಮ್ಮೆ ಹೆಚ್ಚೇ ಇಡುತ್ತದೆ. "ಸಕ್ರಿಯ ಡಿ" ಎಂಬ ಹೆಸರು ಕೇಳಿ ಅದನ್ನೇ ಬರೆದರೆ, ತೀವ್ರ ಕೊರತೆ ಇರುವವರಿಗೂ ಎಲ್ಲ ಸರಿಯಿದೆ ಎಂಬ ವರದಿ ಹೋಗುತ್ತದೆ. ಕೊರತೆ ನೋಡಲು 25-ಹೈಡ್ರಾಕ್ಸಿಯನ್ನೇ ಕೇಳಬೇಕು.

ಎರಡನೆಯದು ಏಕಮಾನ. ಒಂದು ವರದಿ ಮಿಲಿಲೀಟರಿಗೆ ನ್ಯಾನೋಗ್ರಾಂನಲ್ಲಿರುತ್ತದೆ, ಇನ್ನೊಂದು ಲೀಟರಿಗೆ ನ್ಯಾನೋಮೋಲ್‌ನಲ್ಲಿ. ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು. 20 ನ್ಯಾನೋಗ್ರಾಂ ಎಂದರೆ 50 ನ್ಯಾನೋಮೋಲ್, 30 ಎಂದರೆ 75, 40 ಎಂದರೆ 100. ಲೆಕ್ಕ ಸುಲಭ. ಆದರೆ 60 ನ್ಯಾನೋಮೋಲ್ ಇರುವವರು ಅದನ್ನು 60 ನ್ಯಾನೋಗ್ರಾಂ ಎಂದು ಓದಿಕೊಂಡರೆ, 24 ಇದ್ದದ್ದನ್ನು ಎರಡೂವರೆ ಪಟ್ಟು ಎಂದು ನಂಬಿ ಕೂರುತ್ತಾರೆ. ಮೇಲಿನ ಪ್ರಯೋಗಗಳಲ್ಲಿ ಬಹುಪಾಲು ನ್ಯಾನೋಮೋಲ್‌ನಲ್ಲೇ ಬರೆದಿವೆ. ಅದನ್ನು ಓದಿ "ನನಗೆ 100 ಆಗಬೇಕು" ಎಂದು ಗುರಿ ಇಟ್ಟುಕೊಂಡವರು ನ್ಯಾನೋಗ್ರಾಂ ವರದಿ ಹಿಡಿದು 100ಕ್ಕೆ ಏರಿದರೆ, ಅದು 250 ನ್ಯಾನೋಮೋಲ್. ಪ್ರತಿ ವರದಿಯಲ್ಲೂ ಎರಡೂ ಏಕಮಾನಗಳನ್ನು ಪಕ್ಕಪಕ್ಕ ಮುದ್ರಿಸಿ. ಖರ್ಚಿಲ್ಲದ ಕೆಲಸ.

ಮೂರನೆಯದು ಎಂಎಸ್‌ನವರಿಗೆ ವಿಶೇಷವಾಗಿ ಮುಖ್ಯ, ಗಮನಕ್ಕೆ ಬರುವುದು ಮಾತ್ರ ಕಡಿಮೆ: ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್. ನಿಧಾನವಾಗಿ ಹದಗೆಡುವ ಎಂಎಸ್‌ನಲ್ಲಿ ದಿನಕ್ಕೆ 300 ಮಿಲಿಗ್ರಾಂ ಬಯೋಟಿನ್ ಪ್ರಯೋಗವಾಗಿತ್ತು. 2020ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಆದರೂ ಅದನ್ನು ನುಂಗುವವರು ಇದ್ದಾರೆ. ಕೂದಲು ಉಗುರಿನ ಮಾತ್ರೆಗಳಲ್ಲೂ ಬಯೋಟಿನ್ ಇರುತ್ತದೆ. ಹಲವು ಯಂತ್ರಗಳು ಡಿ ಅಳೆಯಲು ಒಂದಕ್ಕೊಂದು ಬಿಗಿಯಾಗಿ ಅಂಟುವ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿಯನ್ನೇ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಆ ಜೋಡಿ ಸರಿಯಾಗಿ ಕೂಡುವುದಿಲ್ಲ. ಡಿ ಪರೀಕ್ಷೆಯ ವಿನ್ಯಾಸದಲ್ಲಿ ಅದರಿಂದ ಫಲಿತಾಂಶ ಸುಳ್ಳೇ ಹೆಚ್ಚು ಬರುತ್ತದೆ. ಕೊರತೆ ಇರುವವರ ವರದಿ "ತುಂಬಾ ಹೆಚ್ಚು" ಎಂದು ಬಂದು, ಇದ್ದ ಮಾತ್ರೆಯನ್ನೂ ನಿಲ್ಲಿಸುವಂತಾಗುತ್ತದೆ. ಅದೇ ರಕ್ತದಲ್ಲಿ ಥೈರಾಯ್ಡ್ ಪರೀಕ್ಷೆಯೂ ಹೀಗೇ ದಾರಿ ತಪ್ಪಬಹುದು. ರಕ್ತ ತೆಗೆಯುವ ಮುನ್ನ "ಬಯೋಟಿನ್ ನುಂಗುತ್ತೀರಾ, ಎಷ್ಟು?" ಎಂದು ಕೇಳಲೇಬೇಕು. ಸಾಮಾನ್ಯ ಪ್ರಮಾಣವಾದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಲಿ. 300 ಮಿಲಿಗ್ರಾಂನಂಥ ಪ್ರಮಾಣಕ್ಕೆ ಇನ್ನೂ ಹೆಚ್ಚು ದಿನ ಬೇಕು, ಇಲ್ಲವೇ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಲ್ಲಿ ಅಳೆಯಬೇಕು. ಆ ವಿಧಾನಕ್ಕೆ ಬಯೋಟಿನ್ ಅಡ್ಡಿಯಾಗುವುದಿಲ್ಲ. ವಿಟಮಿನ್ ಡಿಯ ಎರಡು ರೂಪಗಳಾದ ಡಿ2 ಮತ್ತು ಡಿ3ಗಳನ್ನೂ ಅದು ಬೇರೆ ಬೇರೆ ತೋರಿಸುತ್ತದೆ.

ಯಾವಾಗ ಅಳೆಯಬೇಕು ಎಂಬುದೂ ಮುಖ್ಯ. ತೀವ್ರ ದಾಳಿಯ ನಡುವೆ ತೆಗೆದ ಮಟ್ಟ ಇರುವುದಕ್ಕಿಂತ ಕಡಿಮೆ ತೋರಬಹುದು. ಮಾತ್ರೆ ಶುರುಮಾಡಿ ಅಥವಾ ಪ್ರಮಾಣ ಬದಲಿಸಿ ಮೂರು ತಿಂಗಳ ಮುಂಚೆ ಅಳೆದರೆ ಏರುತ್ತಿರುವ ಅಂಕಿ ಸಿಗುತ್ತದೆಯೇ ಹೊರತು ನಿಂತ ಅಂಕಿಯಲ್ಲ. ಮೂರು ವಾರಕ್ಕೇ ಅಳೆದು, "ಇನ್ನೂ ಏರಿಲ್ಲ" ಎಂದು ಪ್ರಮಾಣ ದುಪ್ಪಟ್ಟು ಮಾಡುವುದರಿಂದ ಮುಂದೆ ಅತಿಯಾಗುವ ಅಪಾಯವಿದೆ.

ಪ್ರಮಾಣದ ಮಾತು. 40 ಐಯು ಎಂದರೆ 1 ಮೈಕ್ರೋಗ್ರಾಂ, ಆದ್ದರಿಂದ 1,000 ಐಯು ಎಂದರೆ 25 ಮೈಕ್ರೋಗ್ರಾಂ. ಮೈಕ್ರೋ ಎಂಬಲ್ಲಿ ಮಿಲಿ ಎಂದು ಓದಿದರೆ ಸಾವಿರ ಪಟ್ಟು ತಪ್ಪು: 5 ಮಿಲಿಗ್ರಾಂ ಎಂದರೆ ಎರಡು ಲಕ್ಷ ಐಯು. ಹನಿಯ ಔಷಧದಲ್ಲಿ ಒಂದು ಹನಿಗೆಷ್ಟು, ಒಂದು ಮಿಲಿಲೀಟರಿಗೆಷ್ಟು ಎಂಬುದು ಅದಲು ಬದಲಾಗುತ್ತದೆ. ಹೆಚ್ಚು ಹಾನಿ ಮಾಡುವ ಸರಳ ತಪ್ಪು ಎಂದರೆ ವಾರಕ್ಕೊಂದು ನುಂಗಬೇಕಾದ ದೊಡ್ಡ ಕ್ಯಾಪ್ಸೂಲನ್ನು ದಿನಕ್ಕೊಂದು ನುಂಗುವುದು. ವಾರಕ್ಕೆ 50,000 ಐಯು ಎಂದರೆ ದಿನಕ್ಕೆ ಸುಮಾರು 7,000. ಅದನ್ನೇ ದಿನಾ ನುಂಗಿದರೆ ಏಳು ಪಟ್ಟು. ಲೇಬಲ್‌ನವರೇ, "ವಾರಕ್ಕೆ ಒಂದೇ" ಎಂಬುದನ್ನು ಬ್ರ್ಯಾಂಡಿನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿ. ಪಟ್ಟಿಯ ಮೇಲೆ ದಿನಾಂಕ ಬರೆದುಕೊಳ್ಳಲು ಜಾಗ ಬಿಡಿಸಿ.

ಇಂಥ ದಾಸ್ತಾನು ತುಂಬುವ ಕೋರ್ಸ್ ಸಾಮಾನ್ಯವಾಗಿ ಎಂಟು ವಾರದ್ದು. ಆಮೇಲೆ ದಿನದ ಪ್ರಮಾಣಕ್ಕೆ ಇಳಿಯಬೇಕು. ಬಹುತೇಕ ವಯಸ್ಕರಿಗೆ ದಿನಕ್ಕೆ 1,000ದಿಂದ 2,000 ಐಯು ಸಾಕಾಗುತ್ತದೆ. ದಿನಕ್ಕೆ 100 ಐಯು ಹೆಚ್ಚಿಸಿದರೆ ಮೂರು ತಿಂಗಳಲ್ಲಿ ರಕ್ತದ ಮಟ್ಟ ಮಿಲಿಲೀಟರಿಗೆ ಸುಮಾರು 0.7ರಿಂದ 1 ನ್ಯಾನೋಗ್ರಾಂ ಏರುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಕೆಳಗಿನಿಂದ ಏರುವಾಗ ಬೇಗ, ಮೇಲೆ ಹೋದಂತೆ ನಿಧಾನ. ಬೊಜ್ಜು ಇರುವವರಲ್ಲಿ ಡಿ ಕೊಬ್ಬಿನಲ್ಲಿ ಹಂಚಿಹೋಗುವುದರಿಂದ ಎರಡು ಮೂರು ಪಟ್ಟು ಬೇಕಾಗಬಹುದು. ಕೊಬ್ಬಿನಂಶ ಇರುವ ಊಟದ ಜೊತೆ ನುಂಗಿದರೆ ಹೀರಿಕೆ ಉತ್ತಮ. ಡಿ2ಗಿಂತ ಡಿ3 ಮಟ್ಟವನ್ನು ಹೆಚ್ಚು ಏರಿಸುತ್ತದೆ, ಹೆಚ್ಚು ಕಾಲ ಉಳಿಸುತ್ತದೆ. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದು ಬೇಡದವರಿಗೆ ಕಲ್ಲುಹೂವಿನಿಂದ ತೆಗೆದದ್ದೂ ಇದೆ. ವರ್ಷಕ್ಕೊಮ್ಮೆ ಒಂದೇ ಸಲ ದೊಡ್ಡ ಪ್ರಮಾಣ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಬೇಡವೇ ಬೇಡ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಐಯು ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. ಎಂಎಸ್‌ನಿಂದ ಆಗಲೇ ಸಮತೋಲ ತಪ್ಪಿರುವವರಿಗೆ ಈ ಎಚ್ಚರಿಕೆ ಇನ್ನೂ ಮುಖ್ಯ.

ಎಂಎಸ್‌ಗೆ ಕೊಡುವ ಬೇರೆ ಔಷಧಗಳೂ ಈ ಲೆಕ್ಕವನ್ನು ಕೆಡಿಸುತ್ತವೆ. ಮುಖದ ನರನೋವಿಗೆ, ಸೆಳೆತಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್‌ಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಡಿಯನ್ನು ಬೇಗ ಒಡೆಯುತ್ತವೆ. ಟೆರಿಫ್ಲುನೋಮೈಡ್ ಎಂಬ ಎಂಎಸ್ ಔಷಧವನ್ನು ದೇಹದಿಂದ ತೊಳೆದು ತೆಗೆಯಲು ಕೊಡುವ ಕೊಲೆಸ್ಟಿರಮಿನ್, ಆ ದಿನಗಳಲ್ಲಿ ನುಂಗಿದ ಡಿಯನ್ನೂ ಹಿಡಿದುಕೊಂಡು ಹೊರಹೋಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮಾತ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತದೆ; ಜೊತೆಗೆ ಹೆಚ್ಚಿನ ಡಿ ಸೇರಿದರೆ ರಕ್ತದ ಕ್ಯಾಲ್ಸಿಯಂ ಏರಬಹುದು. ಡಿಗಾಕ್ಸಿನ್ ಎಂಬ ಹೃದಯದ ಔಷಧ ನುಂಗುವವರಲ್ಲಿ ಹಾಗೆ ಏರಿದ ಕ್ಯಾಲ್ಸಿಯಂ ಹೃದಯದ ಬಡಿತವನ್ನೇ ತಪ್ಪಿಸೀತು.

ಇನ್ನೊಂದು ವಿಷಯ ನರರೋಗ ತಜ್ಞರಿಗೆ ಗೊತ್ತಿರುವುದೇ, ಆದರೂ ಮಾರ್ಗಸೂಚಿಯಲ್ಲಿ ಬರೆದಿಡುವುದು ಒಳ್ಳೆಯದು. ನರಮಂಡಲದ ಸಾರ್ಕಾಯಿಡೋಸಿಸ್ ಎಂಎಸ್‌ನಂತೆಯೇ ವೇಷ ಹಾಕುವ ಕಾಯಿಲೆ. ಅದರಲ್ಲಿ ಉರಿಯೂತದ ಗಂಟುಗಳೇ, ಮೂತ್ರಪಿಂಡದ ಹಿಡಿತವಿಲ್ಲದೆ, ಡಿಯನ್ನು ಸಕ್ರಿಯಗೊಳಿಸುತ್ತವೆ. ರೋಗ ಇನ್ನೂ ಖಚಿತವಾಗದ ಅಂಥ ವ್ಯಕ್ತಿಗೆ 25-ಹೈಡ್ರಾಕ್ಸಿ ಕಡಿಮೆ ಎಂದು ದೊಡ್ಡ ಪ್ರಮಾಣ ಕೊಟ್ಟರೆ ಕ್ಯಾಲ್ಸಿಯಂ ದಿಢೀರನೆ ಏರುತ್ತದೆ. ಕ್ಷಯದಲ್ಲೂ ಇದೇ ಅಪಾಯ. ಆದ್ದರಿಂದ ದೊಡ್ಡ ಪ್ರಮಾಣ ಬರೆಯುವ ಮೊದಲು ಕ್ಯಾಲ್ಸಿಯಂ, ಅಲ್ಬುಮಿನ್, ಕ್ರಿಯಾಟಿನಿನ್ ನೋಡಿ. ಕ್ಯಾಲ್ಸಿಯಂ ಮೊದಲೇ ಹೆಚ್ಚಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಅಳೆದು ಕಾರಣ ಗೊತ್ತಾಗುವವರೆಗೆ ಡಿ ತಡೆಹಿಡಿಯಿರಿ.

ಈಗ ನಮ್ಮನ್ನು ಈ ಪತ್ರ ಬರೆಯಲು ಕೂರಿಸಿದ ವಿಷಯ. ಎಂಎಸ್ ಗುಣಪಡಿಸುವ ಭರವಸೆಯೊಡನೆ ಅತಿ ಹೆಚ್ಚು ಪ್ರಮಾಣದ ಡಿ ನುಂಗಿಸುವ ಪದ್ಧತಿಗಳು ಹರಡಿವೆ. ಕೊಯಿಂಬ್ರಾ ಪ್ರೋಟೋಕಾಲ್ ಎಂಬ ಹೆಸರಿನದರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1,000 ಐಯುವರೆಗೂ ಹೋಗುವುದುಂಟು. 60 ಕಿಲೋ ತೂಗುವವರಿಗೆ ಅದು ದಿನಕ್ಕೆ 60,000. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ವಯಸ್ಕರಿಗೆ ದಿನದ ಮೇಲ್ಮಿತಿ ಎಂದು ಇಟ್ಟದ್ದು 4,000. ಆ ಮಿತಿಯನ್ನು ವೈದ್ಯರ ಕಣ್ಗಾವಲಿನಲ್ಲಿ, ನಿಗದಿತ ಅವಧಿಗೆ ಮೀರುವುದು ಬೇರೆ. ಹದಿನೈದು ಪಟ್ಟು ಮೀರಿ ವರ್ಷಗಟ್ಟಲೆ ನಡೆಸುವುದು ಬೇರೆ. ಈ ಪದ್ಧತಿಯಲ್ಲಿ ಕ್ಯಾಲ್ಸಿಯಂ ಏರದಿರಲೆಂದು ಹಾಲಿನ ಪದಾರ್ಥ ಬಿಡಿಸುತ್ತಾರೆ, ದಿನಕ್ಕೆ ಎರಡೂವರೆ ಲೀಟರ್ ದ್ರವ ಕುಡಿಸುತ್ತಾರೆ. ಮೂತ್ರಕೋಶ ಆಗಲೇ ಕೈಕೊಟ್ಟಿರುವ ಎಂಎಸ್ ರೋಗಿಗೆ ಅದನ್ನು ಪಾಲಿಸುವುದೇ ಕಷ್ಟ. ನೀರು ಕಡಿಮೆ ಕುಡಿದ ದಿನ ಮೂತ್ರಪಿಂಡಕ್ಕೆ ಪೆಟ್ಟು.

ವಿಷವೇರಿದ್ದು ಗೊತ್ತಾಗುವುದು ತಡವಾಗಿ, ಅದಕ್ಕೂ ಕಾರಣವಿದೆ. 25-ಹೈಡ್ರಾಕ್ಸಿ ಮಿಲಿಲೀಟರಿಗೆ 150 ನ್ಯಾನೋಗ್ರಾಂ ದಾಟಿದ ಮೇಲೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಏರಿ ಕಾಣುವ ಲಕ್ಷಣಗಳನ್ನು ನೋಡಿ: ದಣಿವು, ಸ್ನಾಯುಗಳ ನಿಶ್ಶಕ್ತಿ, ಮಲಬದ್ಧತೆ, ಪದೇ ಪದೇ ಮೂತ್ರ, ಮಂಕು ಹಿಡಿದ ಬುದ್ಧಿ. ಇವುಗಳಲ್ಲಿ ಯಾವುದು ಎಂಎಸ್‌ನ ಲಕ್ಷಣವಲ್ಲ? ರೋಗಿಯೂ ಮನೆಯವರೂ ಕಾಯಿಲೆ ಮುಂದುವರಿಯಿತು ಎಂದುಕೊಳ್ಳುತ್ತಾರೆ. ಕಾಯಿಲೆ ಮುಂದುವರಿದರೆ ಡಿ ಇನ್ನಷ್ಟು ಬೇಕೆಂದು ಪದ್ಧತಿ ಹೇಳುತ್ತದೆ. ಹೀಗೆ ವಿಷದ ಲಕ್ಷಣಕ್ಕೆ ಇನ್ನಷ್ಟು ವಿಷವೇ ಮದ್ದಾಗುತ್ತದೆ. ಜೊತೆಗೆ ವಾಕರಿಕೆ, ಹೆಚ್ಚು ಬಾಯಾರಿಕೆ, ಹಸಿವಿಲ್ಲದಿರುವಿಕೆ ಇದ್ದರೆ ಎಚ್ಚರಗೊಳ್ಳಬೇಕು. ದೊಡ್ಡ ಪ್ರಮಾಣದಲ್ಲಿ ಡಿ ನುಂಗುವ ಎಂಎಸ್ ರೋಗಿಗೆ ಲಕ್ಷಣ ಹೆಚ್ಚಿದರೆ, ಸ್ಟೀರಾಯ್ಡ್ ಶುರುಮಾಡುವ ಮುನ್ನ ಅದೇ ದಿನ ಸೀರಂ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ನೋಡಬೇಕು. ಈ ಒಂದು ವಾಕ್ಯ ನಿಮ್ಮ ಮಾರ್ಗಸೂಚಿಗೆ ಸೇರಿದರೆ ಕೆಲವರ ಮೂತ್ರಪಿಂಡವಾದರೂ ಉಳಿಯುತ್ತದೆ. ಡಿ ಕೊಬ್ಬಿನಲ್ಲಿ ಕೂತಿರುವುದರಿಂದ ಮಾತ್ರೆ ನಿಲ್ಲಿಸಿದ ಮೇಲೂ ಕ್ಯಾಲ್ಸಿಯಂ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇಳಿಯುವುದಿಲ್ಲ ಎಂಬುದನ್ನೂ ಸೇರಿಸಿ.

ಹಾಗೆಂದು "ಡಿ ಬೇಡ" ಎನ್ನುವ ವೈದ್ಯರ ಪಕ್ಷಕ್ಕೂ ನಾವು ಸೇರುವುದಿಲ್ಲ. ಎಂಎಸ್ ಇರುವವರಿಗೆ ಡಿ ಕೊರತೆ ಇರಬಾರದು ಎನ್ನಲು ನರಮಂಡಲದ ಸಾಕ್ಷ್ಯಕ್ಕಾಗಿ ಕಾಯಬೇಕಿಲ್ಲ. ದಾಳಿಯಾದಾಗ ದಿನಕ್ಕೆ 1 ಗ್ರಾಂನಂತೆ ಮೂರರಿಂದ ಐದು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಕೊಡುತ್ತೇವೆ. ಮತ್ತೆ ಮತ್ತೆ ಸ್ಟೀರಾಯ್ಡ್ ಪಡೆದವರ ಮೂಳೆಯ ಚಿಂತೆ ಮಾಡಲೇಬೇಕು. ಓಡಾಟ ಕಡಿಮೆಯಾದರೆ ಮೂಳೆ ತೆಳುವಾಗುತ್ತದೆ. ಕಾಲು ಎಡವಿದರೆ ಬೀಳುತ್ತಾರೆ. ಸೊಂಟದ ಮೂಳೆ ಮುರಿದ ಎಂಎಸ್ ರೋಗಿ ಮತ್ತೆ ಎದ್ದು ನಡೆಯುವುದು ಎಷ್ಟು ಕಷ್ಟವೆಂದು ಅಂಥವರನ್ನು ನಡೆಸಲು ಹೆಣಗುವ ಫಿಸಿಯೋಥೆರಪಿಸ್ಟರನ್ನು ಕೇಳಿ. ಡಿ ಕೊರತೆಯಿಂದಲೇ ತೊಡೆಯ ಸ್ನಾಯುಗಳು ಸೋಲುತ್ತವೆ, ಕುರ್ಚಿಯಿಂದ ಏಳುವುದು ಕಷ್ಟವಾಗುತ್ತದೆ. ಅದನ್ನು ಎಂಎಸ್‌ನ ತಲೆಗೆ ಕಟ್ಟಿ ಬಿಡುವುದು ಸುಲಭ. ಈ ಭಾಗ ಮಾತ್ರೆಯಿಂದ ಸರಿಹೋಗುವಂಥದು.

ಕುಟುಂಬದವರ ಪ್ರಶ್ನೆಯೂ ಇದೆ. ತಂದೆ ಅಥವಾ ತಾಯಿಗೆ ಎಂಎಸ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಎರಡು ಮೂರು. ಡೆನ್ಮಾರ್ಕಿನಲ್ಲಿ ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದಿಟ್ಟ ರಕ್ತದ ಚುಕ್ಕೆಗಳನ್ನು ನೋಡಿದ 2017ರ ಅಧ್ಯಯನದಲ್ಲಿ ಹುಟ್ಟಿದಾಗ ಡಿ ಕಡಿಮೆ ಇದ್ದವರಿಗೆ ಮುಂದೆ ಎಂಎಸ್ ಹೆಚ್ಚು ಬಂದಿತ್ತು. ಸ್ವೀಡನ್ನಿನ ಅಂಥದೇ ಅಧ್ಯಯನದಲ್ಲಿ ಆ ನಂಟು ಸಿಗಲಿಲ್ಲ. ಮಕ್ಕಳಿಗೆ ಎಂಎಸ್ ತಡೆಯಲೆಂದು ದೊಡ್ಡ ಪ್ರಮಾಣ ಕೊಡಲು ಇದು ಸಾಲದು. ಆದರೆ ಗರ್ಭಿಣಿಗೂ ಶಿಶುವಿಗೂ ಬೆಳೆಯುವ ಮಕ್ಕಳಿಗೂ ಮೂಳೆಯ ಕಾರಣಕ್ಕೆ ಈಗಾಗಲೇ ಹೇಳಿರುವ ಪ್ರಮಾಣ ತಪ್ಪದೆ ಸಿಗುವಂತೆ ನೋಡಿಕೊಂಡರೆ, ಎಂಎಸ್ ವಿಷಯದಲ್ಲಿ ಸಿಗಬಹುದಾದ ಲಾಭವೂ ಅದರ ಜೊತೆಗೇ ಬರುತ್ತದೆ. ಹದಿಹರೆಯದಲ್ಲಿ ಬೊಜ್ಜು ಬಾರದಂತೆ, ಧೂಮಪಾನ ಶುರುವಾಗದಂತೆ ನೋಡಿಕೊಳ್ಳಿ ಎಂಬ ಸಲಹೆಯನ್ನು ಅದರ ಪಕ್ಕದಲ್ಲೇ ಬರೆಯಿರಿ.

ನಾವು ಕೇಳುವುದು ಇವು. ಮಾರ್ಗಸೂಚಿಯಲ್ಲಿ "ಎಂಎಸ್ ಅಪಾಯ" ಮತ್ತು "ಎಂಎಸ್ ಚಿಕಿತ್ಸೆ" ಎಂದು ಡಿಗೆ ಎರಡು ಪ್ರತ್ಯೇಕ ಅಧ್ಯಾಯಗಳಿರಲಿ, ಮೂಳೆಯದು ಮೂರನೆಯದಾಗಲಿ. ರೋಗ ಗೊತ್ತಾದಾಗ ಒಮ್ಮೆ, ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ಅಗತ್ಯ ಬಿದ್ದಾಗ 25-ಹೈಡ್ರಾಕ್ಸಿ ಅಳೆಯುವ ವ್ಯವಸ್ಥೆ ಆಗಲಿ. ಕೊರತೆಯಿದ್ದರೆ ಮೊದಲ ಭೇಟಿಯಲ್ಲೇ ಮಾತ್ರೆ ಶುರುವಾಗಲಿ, ಅದಕ್ಕಾಗಿ ಎಂಎಸ್ ಔಷಧ ಒಂದು ದಿನವೂ ತಡವಾಗದಿರಲಿ. ವರದಿಯಲ್ಲಿ ಎರಡೂ ಏಕಮಾನ, ಪರೀಕ್ಷಾ ವಿಧಾನದ ಹೆಸರು, ಬಯೋಟಿನ್ ಪ್ರಶ್ನೆಯ ಉತ್ತರ ಮುದ್ರಣವಾಗಲಿ. ಮಾತ್ರೆಯ ಡಬ್ಬಿಯ ಮೇಲೆ ಐಯು ಮತ್ತು ಮೈಕ್ರೋಗ್ರಾಂ ಎರಡೂ ಇರಲಿ. ಎಂಎಸ್ ಗುಣಪಡಿಸುತ್ತದೆ ಎಂಬ ಮಾತು ಯಾವ ರೂಪದಲ್ಲೂ ಇರದಿರಲಿ. ದಿನಕ್ಕೆ 10,000 ಐಯುಗಿಂತ ಹೆಚ್ಚು ನುಂಗುತ್ತಿರುವ ಎಂಎಸ್ ರೋಗಿ ಯಾವ ವೈದ್ಯರ ಬಳಿ ಬಂದರೂ, ಬೈದು ಕಳಿಸದೆ, ಅವರ ಕ್ಯಾಲ್ಸಿಯಂ ಅಳೆದು ಮೂತ್ರಪಿಂಡ ನೋಡುವ ಏರ್ಪಾಡಾಗಲಿ. ಬೈಸಿಕೊಂಡವರು ಮಾತ್ರೆ ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ.

ಇಂತಿ,
ನರರೋಗ ಚಿಕಿತ್ಸೆ ಮತ್ತು ಪ್ರಯೋಗಾಲಯ ವೈದ್ಯಕೀಯದಲ್ಲಿ ಕೆಲಸ ಮಾಡುತ್ತಿರುವವರು